ಕ್ಲಚ್ ಇಲ್ಲದ ಕಾರು

ಮೇಡಂ ತೀರಿಕೊಂಡು ತಿಂಗಳು ಕಳೆದ ಮೇಲೆ ಅವರ ಅಣ್ಣಯ್ಯ ಜಾವಳಿಯಿಂದ ಫೋನ್ ಮಾಡಿದರು. ಗುಜರಿಯವನು ಬಂದಿದ್ದನಂತೆ. ಕಾರಿನ ಸುತ್ತ ಒಂದು ಸುತ್ತು ಹಾಕಿ, ಬಾಗಿಲನ್ನು ಬೆರಳ ಗೆಣ್ಣಿನಿಂದ ಬಡಿದು ನೋಡಿ, ಇದು ಬರೀ ಪ್ಲಾಸ್ಟಿಕ್ಕು, ಇದಕ್ಕೆ ಏನೂ ಹುಟ್ಟುವುದಿಲ್ಲ, ಸೀಟಿನ ಕೆಳಗಿರುವ ಬ್ಯಾಟರಿಗಳಲ್ಲಿ ಸೀಸ ಇದೆ, ಬೇಕಾದರೆ ಅದನ್ನು ತೂಕಕ್ಕೆ ಹಾಕಿಕೊಳ್ಳುತ್ತೇನೆ ಎಂದನಂತೆ.

"ಎಂತ ಮಾಡ್ಲಿ ಹೇಳಮ್ಮ. ಆ ಕಾರಿನ ವಿಷಯಕ್ಕೆ ನಮ್ಮೆಲ್ಲರಿಗಿಂತ ಜಾಸ್ತಿ ಜಗಳ ಆಡಿದವಳು ನೀನು" ಎಂದರು.

ಜಗಳ ಆಡಿದ್ದು ನಿಜ. ಈಗಲೂ ಆಡಬಲ್ಲೆ. ಕೊಟ್ಟುಬಿಡಿ ಎಂದೆ. ಮೇಡಂ ಇದ್ದಿದ್ದರೆ ಅವರೂ ಅದನ್ನೇ ಹೇಳುತ್ತಿದ್ದರು. ಕೆಲಸ ಮುಗಿದ ವಸ್ತುವನ್ನು ಅರಿಶಿನ ಕುಂಕುಮ ಹಚ್ಚಿ ಇಟ್ಟುಕೊಳ್ಳುವ ಅಭ್ಯಾಸ ಅವರಿಗಿರಲಿಲ್ಲ. ಒಂದು ಸರಕಾಗಿ ಆ ಕಾರು ಸೋಲುತ್ತದೆ ಎಂದು ನಾನು ವರ್ಷಗಳ ಹಿಂದೆ ವಾದ ಹೂಡಿದ್ದೆ. ಗುಜರಿಯವನು ಕೊನೆಗೆ ನನ್ನ ಪರವಾಗಿಯೇ ತೀರ್ಪು ಕೊಟ್ಟ. ಫೋನ್ ಇಟ್ಟ ಮೇಲೆ ಆ ಗೆಲುವನ್ನು ಹಿಡಿದುಕೊಂಡು ಯಾರ ಹತ್ತಿರ ಹೋಗಬೇಕು ಎಂದು ತಿಳಿಯಲಿಲ್ಲ. ಹೋಗಬೇಕಾಗಿದ್ದ ಒಬ್ಬರೇ ಒಬ್ಬರು ಇರಲಿಲ್ಲ.

ಅವರು ಚಿಕ್ಕಮಗಳೂರಿನ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದರು. ಚರ್ಚಾಸ್ಪರ್ಧೆಗೆ ನಮ್ಮನ್ನು ತಯಾರು ಮಾಡುವವರೂ ಅವರೇ. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ನಾನು ಕಾಲೇಜು ಸೇರಿದಾಗ ಅವರಿಗೆ ನಲವತ್ತು ದಾಟಿತ್ತು. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಎಡಗಾಲು ಬಡಕಲಾಗಿತ್ತು. ಆ ಕಾಲಿಗೆ ಕಬ್ಬಿಣದ ಪಟ್ಟಿ ಕಟ್ಟಿದ ಬೂಟು, ಬಲಗೈಯಲ್ಲಿ ಬೆತ್ತದ ಕೋಲು. ಆ ಬೂಟಿನ ಸದ್ದು ವರಾಂಡದಲ್ಲಿ ಕೇಳಿದರೆ ಕ್ಲಾಸು ತಾನಾಗಿ ಸುಮ್ಮನಾಗುತ್ತಿತ್ತು. ಹೆದರಿಕೆಯಿಂದಲ್ಲ, ಒಳಗೆ ಬರುತ್ತಿದ್ದಂತೆಯೇ ಅವರು ಯಾರಾದರೊಬ್ಬರನ್ನು ಎಬ್ಬಿಸಿ ನಿನ್ನ ಅಭಿಪ್ರಾಯವೇನು ಎಂದು ಕೇಳುತ್ತಿದ್ದರು, ಅಷ್ಟರೊಳಗೆ ಒಂದು ಅಭಿಪ್ರಾಯ ಹುಟ್ಟಿಸಿಕೊಳ್ಳಬೇಕಾಗಿತ್ತು.

ಅವರಂತೆ ವಾದ ಮಾಡುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಎದುರಾಳಿ ಏನು ಹೇಳಿದರೂ ಒಪ್ಪಿಕೊಂಡುಬಿಡುತ್ತಿದ್ದರು. "ಒಪ್ಪಿದೆ. ಮುಂದೆ?" ಎನ್ನುವರು. ಇನ್ನೊಂದು ಹೇಳಿದರೆ ಅದಕ್ಕೂ "ಒಪ್ಪಿದೆ. ಮುಂದೆ?" ಚರ್ಚೆಯಲ್ಲಿ ಪಳಗಿದವರಿಗೆ ಇದಕ್ಕಿಂತ ದೊಡ್ಡ ಹಿಂಸೆ ಇಲ್ಲ. ತಡೆಯುವ ಗೋಡೆಯೇ ಇಲ್ಲದಿದ್ದರೆ ಗುದ್ದುವುದು ಯಾವುದಕ್ಕೆ? ನಮ್ಮ ಮಾತುಗಳೆಲ್ಲ ಖಾಲಿಯಾದ ಮೇಲೆ, ನಾವು ಹೇಳದೇ ಬಿಟ್ಟ ಒಂದೇ ಒಂದು ಸಂಗತಿಯನ್ನು ಎತ್ತಿ ಮೇಜಿನ ಮೇಲಿಡುತ್ತಿದ್ದರು. ಅಲ್ಲಿಗೆ ಮುಗಿಯಿತು.

ಒಮ್ಮೆ ಶಿವಮೊಗ್ಗದ ಸ್ಪರ್ಧೆಯಲ್ಲಿ ಕಪ್ಪು ಗೆದ್ದು ಬಸ್ಸಿನಲ್ಲಿ ಬರುತ್ತಿದ್ದೆವು. ಇದೇ ವಿಷಯಕ್ಕೆ ವಿರೋಧವಾಗಿ ಮಾತಾಡು ನೋಡೋಣ ಎಂದರು. ನಾನು ತರೀಕೆರೆ ಬರುವವರೆಗೂ ಮಾತಾಡಿದೆ. ಹಿಂದಿನ ಸೀಟಿನವರು ಕೂಡ ತಲೆದೂಗಿದರು. ಮೇಡಂ ನನ್ನ ಮಡಿಲಲ್ಲಿದ್ದ ಕಪ್ಪನ್ನು ತೆಗೆದುಕೊಂಡು ತಿರುಗಿಸಿ ನೋಡಿ ಹೇಳಿದರು: "ಆ ಕಡೆಯೂ ಗೆದ್ದೆ, ಈ ಕಡೆಯೂ ಗೆದ್ದೆ. ಸರಿ ಮಾರಾಯ್ತಿ, ಎರಡರಲ್ಲಿ ನಿನಗೆ ಬೇಕಾಗಿರೋದು ಯಾವುದು?" ಬೇಕು ಎನ್ನುವುದು ಒಂದು ವಾದ ಹೇಗಾಗುತ್ತದೆ ಎಂದು ನಾನು ಮರುಪ್ರಶ್ನೆ ಹಾಕಿದೆ. ಅವರು ಕಿಟಕಿಯ ಕಡೆ ತಿರುಗಿಕೊಂಡು ನಕ್ಕರು.

ಅವರಿಗೆ ಬೇಕಾಗಿದ್ದದ್ದು ಏನು ಎಂದು ಊರಿಗೆಲ್ಲ ಗೊತ್ತಿತ್ತು. ಜಾವಳಿಯಲ್ಲಿ ಅವರ ಮನೆತನದ ಕಾಫಿತೋಟ. ತಂದೆ ಸಾಯುವ ಮೊದಲು ಹಳ್ಳದ ಮಗ್ಗುಲಿನ ಒಂದು ಪಟ್ಟಿ ತೋಟವನ್ನು ಮಗಳ ಹೆಸರಿಗೆ ಮಾಡಿದ್ದರು. ಹೆಸರು ಮಗಳದು, ಕಾರುಬಾರು ಅಣ್ಣಯ್ಯನದು. ಅಣ್ಣಯ್ಯ ಕೆಟ್ಟವರಲ್ಲ, ಇದನ್ನು ಮೊದಲೇ ಹೇಳಿಬಿಡಬೇಕು. ವರ್ಷಕ್ಕೊಮ್ಮೆ ತಂಗಿಯ ಪಾಲನ್ನು ತಪ್ಪದೆ ತಂದುಕೊಡುತ್ತಿದ್ದರು. ಪೇಟೆಗೆ ಗೊಬ್ಬರಕ್ಕೋ ಔಷಧಿಗೋ ಜೀಪು ಬಂದಾಗ, ಹಿಂದಿರುಗುವಾಗ ಜಾಗ ಇದ್ದರೆ, ತಂಗಿಯನ್ನೂ ಕೂರಿಸಿಕೊಂಡು ಹೋಗುತ್ತಿದ್ದರು. ಗೊಬ್ಬರ ಇಲ್ಲದ ತಿಂಗಳು ತೋಟವೂ ಇಲ್ಲ. ಹೋದರೂ ಕಾಫಿ ಒಣಗಿಸುವ ಕಣದ ತನಕ ಮಾತ್ರ. ಡ್ರೈವರಿಗೆ ಕತ್ತಲಾಗುವ ಮುಂಚೆ ಪೇಟೆಗೆ ಬಿಟ್ಟು ಬರುವ ಆತುರ.

ಮೇಡಂಗೆ ತಮ್ಮ ಪಟ್ಟಿಯಲ್ಲಿ ಹಣ್ಣು ಮಾತ್ರ ಕೊಯ್ಯಿಸಬೇಕು ಎಂಬ ಆಸೆ. ಕಾಫಿ ರೇಟು ನೆಲ ಕಚ್ಚಿದ್ದ ವರ್ಷಗಳು ಅವು. ಎಲ್ಲರೂ ಕೂಲಿ ಉಳಿಸಲು ಹಸಿರು ಕೆಂಪು ನೋಡದೆ ಒಂದೇ ಸಲಕ್ಕೆ ರೆಂಬೆಯ ಕಾಯಿಯನ್ನೆಲ್ಲ ಸವರಿಬಿಡುತ್ತಿದ್ದರು. ಹಣ್ಣನ್ನಷ್ಟೇ ಎರಡು ಮೂರು ಸುತ್ತಿನಲ್ಲಿ ಕೊಯ್ದು, ಸಿಪ್ಪೆ ಸುಲಿದು ತೊಳೆದು ಒಣಗಿಸಿ ಒಳ್ಳೆಯ ಪಾರ್ಚ್‌ಮೆಂಟ್ ಕಾಫಿ ಮಾಡಿದರೆ ಕೆಟ್ಟ ಮಾರುಕಟ್ಟೆಯಲ್ಲೂ ಕೊಳ್ಳುವವರಿರುತ್ತಾರೆ ಎಂಬುದು ಅವರ ಲೆಕ್ಕ. ಅಣ್ಣಯ್ಯ ಕೇಳುತ್ತಿದ್ದದ್ದು ಒಂದೇ ಮಾತು: ಕೊಯ್ಯುವವರ ಹಿಂದೆ ನಿಂತು ನೋಡುವವರು ಯಾರು? ನಾನು ಎಂದರೆ, ನೀನು ಬರುವುದು ಹೇಗೆ? ಅಲ್ಲಿಗೆ ಮಾತು ನಿಲ್ಲುತ್ತಿತ್ತು. ನಿನ್ನ ಪಟ್ಟಿಯನ್ನೂ ನಮ್ಮದಕ್ಕೇ ಸೇರಿಸಿಬಿಡು, ನಿನಗೆ ಯಾಕೆ ಈ ತಲೆನೋವು ಎಂದು ಪ್ರೀತಿಯಿಂದಲೇ ಹೇಳಲು ಶುರುಮಾಡಿದ್ದರು.

ಕಾರು ಬಂದದ್ದು ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷಕ್ಕೆ. ಬಂದದ್ದು ಲಾರಿಯ ಮೇಲೆ! ಬೆಂಗಳೂರಿನಿಂದ ಅಷ್ಟು ದೂರ ಒಂದೇ ಉಸಿರಿಗೆ ಓಡುವ ಶಕ್ತಿ ಆ ಕರೆಂಟ್ ಕಾರಿಗೆ ಇರಲಿಲ್ಲ. ಇಳಿಸುವಾಗ ರಸ್ತೆಯಲ್ಲಿ ಜನ ಸೇರಿದರು. ಎರಡು ಬಾಗಿಲಿನ, ಮೂಗೇ ಇಲ್ಲದಂಥ ಪುಟ್ಟ ಗಾಡಿ. ತಾನೇ ಬರಲಾರದ ಕಾರು ಇವರನ್ನು ಎಲ್ಲಿಗೆ ಕರೆದುಕೊಂಡು ಹೋಗುತ್ತದೆ ಎಂದು ಎದುರಿನ ಅಂಗಡಿಯವರು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ.

ನಾನಾಗ ಡಿಗ್ರಿ ಕೊನೆಯ ವರ್ಷದಲ್ಲಿದ್ದೆ. ಮಾರನೆಯ ದಿನವೇ ಅವರ ಮನೆಗೆ ಹೋಗಿ ನನ್ನ ವಾದ ಮಂಡಿಸಿದೆ. ಈ ಕಂಪನಿಯ ಕಾರುಗಳು ಹೆಚ್ಚು ಮಾರಾಟವಾಗದ ಹೊರತು ಬೆಲೆ ಇಳಿಯುವುದಿಲ್ಲ, ಬೆಲೆ ಇಳಿಯದ ಹೊರತು ಹೆಚ್ಚು ಮಾರಾಟವಾಗುವುದಿಲ್ಲ. ಒಪ್ಪಿದೆ, ಮುಂದೆ? ಊರಿನಲ್ಲಿ ಒಂದೇ ಕಾರು ಇದ್ದರೆ ಅದಕ್ಕೊಬ್ಬ ಮೆಕ್ಯಾನಿಕ್ ಹುಟ್ಟುವುದಿಲ್ಲ, ಮೆಕ್ಯಾನಿಕ್ ಇಲ್ಲದ ಊರಿನಲ್ಲಿ ಎರಡನೆಯ ಕಾರು ಯಾರೂ ಕೊಳ್ಳುವುದಿಲ್ಲ. ಒಪ್ಪಿದೆ. ಪೆಟ್ರೋಲಿಗಿಂತ ಕರೆಂಟು ಅಗ್ಗ ಎನ್ನುವುದು ಅರ್ಧಸತ್ಯ. ಮೂರು ವರ್ಷಕ್ಕೋ ನಾಲ್ಕಕ್ಕೋ ಬ್ಯಾಟರಿಗಳು ಸಾಯುತ್ತವೆ, ಆಗ ಉಳಿತಾಯವೆಲ್ಲ ಒಂದೇ ದಿನ ಬಿಲ್ಲಾಗಿ ಬರುತ್ತದೆ. ಒಪ್ಪಿದೆ. ಮಾರಲು ಹೋದರೆ ಕೊಳ್ಳುವವರಿಲ್ಲ. ಒಪ್ಪಿದೆ. ಹೊಸ ತಂತ್ರಜ್ಞಾನವನ್ನು ಮೊದಲು ಕೊಳ್ಳುವವರು ಆಮೇಲೆ ಬರುವವರ ಖರ್ಚನ್ನು ತಾವು ಕಟ್ಟುತ್ತಾರೆ, ಇದು ನೀವೇ ಕಲಿಸಿದ ಪಾಠ. "ಹೌದಾ, ಚೆನ್ನಾಗೇ ಕಲಿಸಿದ್ದೀನಿ ಹಾಗಾದ್ರೆ. ಮುಂದೆ?"

ಮುಂದೆ ನನ್ನ ಹತ್ತಿರ ಏನೂ ಇರಲಿಲ್ಲ. ಅವರು ನನ್ನನ್ನು ಹೊರಗೆ ಕರೆದುಕೊಂಡು ಹೋಗಿ ಕಾರಿನ ಬಾಗಿಲು ತೆಗೆದರು. ಕೋಲಿನ ತುದಿಯಿಂದ ಕೆಳಗೆ ತೋರಿಸಿದರು.

"ಎಷ್ಟು ಪೆಡಲ್ ಇದೆ ನೋಡು."

ಎರಡು ಇತ್ತು. ಒಂದು ಓಡಲು, ಒಂದು ನಿಲ್ಲಲು. ಎರಡಕ್ಕೂ ಬಲಗಾಲು ಸಾಕು. ಎಡಗಾಲಿನಿಂದ ಒತ್ತುವ ಮೂರನೆಯದು ಇರಲಿಲ್ಲ.

"ಕ್ಲಚ್ ಇಲ್ಲ. ಕರೆಂಟೋ ಸೀಮೆಎಣ್ಣೆಯೋ ನನಗೆಂತ ಆಗ್ಬೇಕು ಮಾರಾಯ್ತಿ? ಅಣ್ಣಯ್ಯನ ಜೀಪಿಗೆ ಕ್ಲಚ್ ಇದೆ, ಬಸ್ಸಿಗೆ ಕ್ಲಚ್ ಇದೆ, ಈ ಊರಲ್ಲಿ ಓಡೋ ಎಲ್ಲಾ ಕಾರಿಗೂ ಇದೆ. ಕ್ಲಚ್ ಇಲ್ಲದ ಪೆಟ್ರೋಲ್ ಕಾರು ತಗೊಳ್ಳೋಕೆ ನಾನು ಎಸ್ಟೇಟ್ ದೊರೆಯಾಗಿರ್ಬೇಕಿತ್ತು."

ಆಗಿನ ಕಾಲಕ್ಕೆ ಅದು ನಿಜ. ಪೇಟೆಯೊಳಗೆ ಅವರು ಪಕ್ಕಚಕ್ರ ಕೂರಿಸಿದ ಸ್ಕೂಟರಿನಲ್ಲಿ ಓಡಾಡುತ್ತಿದ್ದರು. ಅದನ್ನು ಜಾವಳಿಗೆ ಹೋಗುವ ದಾರಿಯ ಮೂಡಿಗೆರೆಯ ತಿರುವುಗಳಲ್ಲಿ ಲಾರಿಗಳ ನಡುವೆ ಓಡಿಸುವುದು ಸಾಧ್ಯವಿರಲಿಲ್ಲ.

ಆ ಕಾರಿನ ಜೊತೆ ಬದುಕುವುದು ಒಂದು ಸಂಸಾರವೇ ಸರಿ. ವಾರ ವಾರ ಸೀಟು ಎತ್ತಿ ಬ್ಯಾಟರಿಗಳ ಮುಚ್ಚಳ ತೆಗೆದು ಡಿಸ್ಟಿಲ್ಡ್ ವಾಟರ್ ಎಷ್ಟಿದೆ ನೋಡಬೇಕು, ಕಡಿಮೆಯಾಗಿದ್ದರೆ ಹನಿಹನಿಯಾಗಿ ತುಂಬಬೇಕು. ಮೇಡಂ ಕಾರಿಗೆ ಹಾಲು ಕುಡಿಸುತ್ತಿದ್ದಾರೆ ಎಂದು ಹುಡುಗರು ತಮಾಷೆ ಮಾಡುತ್ತಿದ್ದರು. ಹಗಲೆಲ್ಲ ಕರೆಂಟು ಹೋಗಿ ಬಂದು ಮಾಡುವ ದಿನಗಳು. ಯಾವ ಬಡಾವಣೆಗೆ ಯಾವಾಗ ಪವರ್ ಕಟ್ ಎಂದು ಲೈನ್‌ಮನ್‌ಗಿಂತ ಚೆನ್ನಾಗಿ ಮೇಡಂಗೆ ಗೊತ್ತಿತ್ತು. ಹೆಡ್‌ಲೈಟು ಹಾಕಿದರೆ ಓಡುವ ದೂರ ಕಡಿಮೆ, ವೈಪರ್ ಹಾಕಿದರೆ ಇನ್ನಷ್ಟು ಕಡಿಮೆ. ತುಂತುರು ಬಂದಾಗ ಗಾಜು ಒರೆಸುವುದೋ ಮುಂದಿನ ಏರು ಹತ್ತುವುದೋ ಎಂದು ಆರಿಸಿಕೊಳ್ಳಬೇಕಾದ ಸಂದರ್ಭಗಳನ್ನು ನಾನೇ ನೋಡಿದ್ದೇನೆ. ಜೋರು ಮಳೆಗಾಲದಲ್ಲಿ ಜಾವಳಿಗೆ ಹೋಗುವ ಪ್ರಶ್ನೆಯೇ ಇಲ್ಲ. ಮರ ಬಿದ್ದು ಲೈನು ಹರಿದರೆ ಅಲ್ಲಿ ವಾರಗಟ್ಟಲೆ ಕರೆಂಟಿಲ್ಲ. ಆ ತಿಂಗಳುಗಳಲ್ಲಿ ಕಾರಿಗೂ ರಜ.

ಒಮ್ಮೆ ಪೊಲೀಸರೊಬ್ಬರು ತಡೆದು ಹೊಗೆ ತಪಾಸಣೆಯ ಸರ್ಟಿಫಿಕೇಟ್ ಕೇಳಿದರು. ಹೊಗೆ ಎಲ್ಲಿಂದ ಬರುತ್ತದೆ ಎಂದು ತೋರಿಸಿದರೆ ಈಗಲೇ ದಂಡ ಕಟ್ಟುತ್ತೇನೆ ಎಂದರು ಮೇಡಂ. ಆತ ಕಾರಿನ ಹಿಂದೆ ಬಗ್ಗಿ ಸಾಕಷ್ಟು ಹೊತ್ತು ಹುಡುಕಿ, ಕೊನೆಗೆ ಎದ್ದು ನಿಂತು ಸೈಲೆನ್ಸರ್ ಇಲ್ಲದೆ ಗಾಡಿ ಓಡಿಸುವುದೂ ತಪ್ಪೇ ಎಂದರು. ಮೇಡಂಗೆ ಆ ವಾದ ಬಹಳ ಹಿಡಿಸಿತು. ವಾರವಿಡೀ ಕ್ಲಾಸಿನಲ್ಲಿ ಅದನ್ನು ಉದಾಹರಣೆಯಾಗಿ ಬಳಸಿದರು.

ಮೂಡಿಗೆರೆಯಲ್ಲಿ ಒಂದು ನಿಲುಗಡೆ ಬೇಕೇಬೇಕಾಗಿತ್ತು. ಬಯಲುಸೀಮೆಯ ರಸ್ತೆಯಾಗಿದ್ದರೆ ಒಂದೇ ಚಾರ್ಜಿಗೆ ಜಾವಳಿ ಮುಟ್ಟಬಹುದಾಗಿತ್ತೇನೋ, ನಮ್ಮದು ಏರಿಳಿತದ ರಸ್ತೆ. ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲೊಂದರಲ್ಲಿ ದೋಸೆಹಿಟ್ಟು ರುಬ್ಬುವ ಗ್ರೈಂಡರಿನ ದೊಡ್ಡ ಪ್ಲಗ್ ಇತ್ತು. ಹಿಟ್ಟು ರುಬ್ಬಿ ಮುಗಿದ ಮೇಲೆ ಆ ಪ್ಲಗ್ಗು ಮೇಡಂ ಕಾರಿಗೆ. ಕಿಟಕಿಯಿಂದ ಹೊರಗೆ ವೈರು ಎಳೆದು ಸಿಕ್ಕಿಸಿ, ಮೂಲೆಯ ಮೇಜಿನಲ್ಲಿ ಕುಳಿತು ಉತ್ತರಪತ್ರಿಕೆ ತಿದ್ದುವರು. ಹೋಟೆಲಿನವರು ಕರೆಂಟಿಗೆ ಏನನ್ನೂ ತೆಗೆದುಕೊಳ್ಳಲು ಒಪ್ಪುತ್ತಿರಲಿಲ್ಲ. ಅದಕ್ಕೆ ಪ್ರತಿಯಾಗಿ ಮೇಡಂ ಹಸಿವಿಲ್ಲದಿದ್ದರೂ ತಿನ್ನುತ್ತಿದ್ದರು. ತಾವು ದಪ್ಪಗಾದದ್ದು ಆ ಕಾರಿನಿಂದಲೇ ಎಂದು ಹೇಳಿಕೊಳ್ಳುತ್ತಿದ್ದರು.

ನಾನು ಹೇಳಿದ್ದ ಹಾಗೆಯೇ ಕೆಲವು ವರ್ಷಕ್ಕೆ ಬ್ಯಾಟರಿಗಳು ಸತ್ತವು. ಆಗ ನಾನು ಬೆಂಗಳೂರಿನಲ್ಲಿ ಕಾನೂನು ಓದುತ್ತಿದ್ದೆ. ರಜೆಗೆ ಬಂದವಳು ನೇರ ಅವರ ಮನೆಗೆ ಹೋದೆ. ಹೊಸ ಬ್ಯಾಟರಿಗೆ ಹಾಕುವ ದುಡ್ಡಿನಲ್ಲಿ ಎಷ್ಟೋ ವರ್ಷ ಬಾಡಿಗೆ ಟ್ಯಾಕ್ಸಿಯಲ್ಲಿ ಜಾವಳಿಗೆ ಹೋಗಿಬರಬಹುದು ಎಂದು ಕಾಗದದ ಮೇಲೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ನೋಡಿದರು. ಲೆಕ್ಕ ಸರಿಯಾಗಿದೆ ಎಂದರು.

"ಟ್ಯಾಕ್ಸಿಯವನು ಬೆಳಿಗ್ಗೆ ಬರ್ತೀನಿ ಅಂದು ಬರದಿದ್ರೆ?"

ಇನ್ನೊಬ್ಬನನ್ನು ಕರೆಯುವುದು ಎಂದೆ.

"ಅವನು ಬರೋ ತನಕ?"

ಕಾಯುವುದು.

"ಅದೇ. ನಿನ್ನ ಲೆಕ್ಕದಲ್ಲಿ ಕಾಯೋದಕ್ಕೆ ಬೆಲೆಯೇ ಹಾಕಿಲ್ಲ. ನಾನು ಹುಟ್ಟಿದಾಗಿನಿಂದ ಕಾದವಳು. ಅದರ ರೇಟು ನನಗೆ ಗೊತ್ತು."

ಹೊಸ ಬ್ಯಾಟರಿಗಳನ್ನು ತರಿಸಿದರು. ಅವೂ ಒಂದು ದಿನ ಹೋದವು. ಅಷ್ಟು ಹೊತ್ತಿಗೆ ಅವರ ಆರೋಗ್ಯವೂ ಕೆಟ್ಟಿತ್ತು. ಕೆಲಸ ಬಿಟ್ಟು ಜಾವಳಿಯ ಮನೆಗೇ ಹೋಗಿ, ತೋಟದ ಮಗ್ಗುಲಲ್ಲೇ ಇದ್ದರು. ಓಡದ ಕಾರು ಕೊಟ್ಟಿಗೆಯಲ್ಲಿ ನಿಂತಿತು. ಕಂಪನಿಯ ವಿಷಯದಲ್ಲಿ, ಬ್ಯಾಟರಿಯ ವಿಷಯದಲ್ಲಿ, ಮೆಕ್ಯಾನಿಕ್ಕಿನ ವಿಷಯದಲ್ಲಿ ನಾನು ಹೇಳಿದ್ದು ಯಾವುದೂ ತಪ್ಪಾಗಲಿಲ್ಲ. ಅಷ್ಟು ಸರಿಯಾಗಿದ್ದೂ ನನ್ನ ಮಾತು ಅವರಿಗೆ ಯಾವ ಉಪಯೋಗಕ್ಕೂ ಬರಲಿಲ್ಲ ಎನ್ನುವುದೂ ಅಷ್ಟೇ ನಿಜ.

ಇದೆಲ್ಲ ಆಮೇಲಿನ ಮಾತು. ನನಗೆ ಮತ್ತೆ ಮತ್ತೆ ನೆನಪಾಗುವುದು ಕಾರು ಬಂದ ವರ್ಷದ ಮೊದಲ ಕೊಯ್ಲು.

ಮಳೆ ನಿಂತು, ಹಣ್ಣು ಕೆಂಪಾಗಲು ಶುರುವಾದಾಗ ಮೇಡಂ ಆ ಕಾರಿನಲ್ಲಿ ಮೊದಲ ಸಲ ಜಾವಳಿಗೆ ಹೊರಟರು. ಸಾಕ್ಷಿಗೆ ಇರಲಿ ಎಂದು ನನ್ನನ್ನೂ ಕೂರಿಸಿಕೊಂಡರು. ವಿರೋಧಪಕ್ಷದ ಸಾಕ್ಷಿಗೆ ಬೆಲೆ ಜಾಸ್ತಿಯಂತೆ. ಅಣ್ಣಯ್ಯ ಅದಕ್ಕೂ ಮೊದಲು ಒಂದು ಮಾತು ಹೇಳಿದ್ದರು: ಆ ಆಟದ ಸಾಮಾನಿನಲ್ಲಿ ನೀನೇ ಓಡಿಸಿಕೊಂಡು ತೋಟ ಮುಟ್ಟಿದರೆ ನಿನ್ನ ಪಟ್ಟಿ ನೀನೇ ನೋಡಿಕೋ, ನಾನು ಅಡ್ಡ ಬರುವುದಿಲ್ಲ, ಆಗದಿದ್ದರೆ ಆ ಮಾತು ಬಿಟ್ಟುಬಿಡು.

ಮೂಡಿಗೆರೆಯ ಹೋಟೆಲಿನಲ್ಲಿ ಚಾರ್ಜು ಮುಗಿಸಿ ಹೊರಗೆ ಬಂದರೆ ಅಣ್ಣಯ್ಯ ಕಾರಿನ ಪಕ್ಕ ನಿಂತಿದ್ದರು. ಜೀಪನ್ನು ಡ್ರೈವರ್ ಜೊತೆ ಮುಂದೆ ಕಳಿಸಿದ್ದರು. ಎತ್ತರದ ಆಳು, ಮಡಿಸಿದ ತೋಳಿನ ಶರ್ಟು. ಇಲ್ಲಿಯತನಕ ಬಂದದ್ದೇ ಹೆಚ್ಚು, ಮುಂದೆ ಬರೀ ತಿರುವು, ಮೊದಲ ಸಲ ನೀನು ಬೇಡ, ನಾನು ಓಡಿಸುತ್ತೇನೆ ಎಂದು ಕೈ ಚಾಚಿದರು. ಮೇಡಂ ಒಂದು ಕ್ಷಣ ಅವರ ಮುಖ ನೋಡಿ ಕೀ ಕೊಟ್ಟುಬಿಟ್ಟರು. ನಾನು ಮಕ್ಕಳಿಗಷ್ಟೇ ಸಾಲುವ ಹಿಂದಿನ ಸೀಟಿನಲ್ಲಿ ಮುದುರಿಕೊಂಡೆ.

ನಮ್ಮ ಕಡೆ ಜೀಪು ಓಡಿಸಿ ಬೆಳೆದವರಿಗೆ ಒಂದು ಅಭ್ಯಾಸ ಕೈಯಲ್ಲೇ ಇರುತ್ತದೆ. ಇಳಿಜಾರು ಬಂತೋ, ಗೇರು ನ್ಯೂಟ್ರಲ್. ಕೆಲವರು ಎಂಜಿನ್ನನ್ನೇ ಆಫ್ ಮಾಡಿ ಗಾಡಿಯನ್ನು ಬಿಟ್ಟುಬಿಡುತ್ತಾರೆ. ಇಳಿಯುವುದಕ್ಕೆ ಡೀಸೆಲ್ ಸುಡುವುದು ದಡ್ಡತನ ಎಂದು ಅಪ್ಪ ಮಗನಿಗೆ ಹೇಳಿಕೊಟ್ಟು, ಬ್ರೇಕು ಕಾಯುವ ವಾಸನೆಯ ಜೊತೆಗೇ ಅದು ಬಂದುಬಿಟ್ಟಿದೆ. ಅಣ್ಣಯ್ಯನೂ ಹಾಗೇ. ಮೊದಲ ಇಳಿಜಾರಿಗೇ ಗೇರಿನ ಗುಂಡಿಯನ್ನು ನ್ಯೂಟ್ರಲ್‌ಗೆ ತಿರುಗಿಸಿದರು. ಕಾರು ಹಗುರಾಗಿ ಜಾರಿತು. "ನೋಡು, ಚಾರ್ಜ್ ಹೀಗೆ ಉಳಿಸ್ಬೇಕು" ಎಂದು ತಂಗಿಗೆ ಹೇಳಿದರು. ಆಮೇಲಿನ ಪ್ರತಿ ಇಳಿಜಾರಿಗೂ ಅದನ್ನೇ ಮಾಡಿದರು.

ಕರೆಂಟ್ ಕಾರಿನಲ್ಲಿ ಇದು ತಿರುಗುಮುರುಗು. ಗೇರಿನಲ್ಲೇ ಇಟ್ಟು ಕಾಲು ತೆಗೆದರೆ ಇಳಿಯುವ ಚಕ್ರವೇ ಮೋಟಾರನ್ನು ತಿರುಗಿಸಿ ಬ್ಯಾಟರಿಗೆ ಸ್ವಲ್ಪ ಕರೆಂಟನ್ನು ವಾಪಸು ಕಳಿಸುತ್ತದೆ. ನ್ಯೂಟ್ರಲ್ ಮಾಡಿದರೆ ಅದಿಷ್ಟೂ ಬ್ರೇಕಿನಲ್ಲಿ ಸುಟ್ಟುಹೋಗುತ್ತದೆ. ಮೇಡಂಗೆ ಇದು ಗೊತ್ತಿತ್ತು. ಬರುವಾಗ ನನಗೆ ವಿವರಿಸಿಕೊಂಡೇ ಬಂದಿದ್ದರು. ಈಗ ಮಾತ್ರ ಕೋಲನ್ನು ಮಡಿಲಲ್ಲಿ ಅಡ್ಡ ಇಟ್ಟುಕೊಂಡು ಸುಮ್ಮನೆ ಕುಳಿತಿದ್ದರು. ತೋಟ ಕಾಣಿಸುವ ಕೊನೆಯ ಏರಿನಲ್ಲಿ ಕಾರು ಮೆಲ್ಲಗಾಯಿತು, ಮತ್ತೂ ಮೆಲ್ಲಗಾಯಿತು, ನಿಂತಿತು.

ಅಣ್ಣಯ್ಯನ ಮುಖದಲ್ಲಿ ಗೆದ್ದ ಕಳೆಯೇನೂ ಇರಲಿಲ್ಲ. ಬೇಜಾರೇ ಇತ್ತು. "ನಾನು ಹೇಳ್ಲಿಲ್ವಾ" ಎಂದರು ಅಷ್ಟೇ. ಹಗ್ಗ ತರಲು ನಡೆದುಕೊಂಡು ಮನೆಯ ಕಡೆ ಹೊರಟರು. ನಾನು ಹಿಂದಿನಿಂದ ಕೂಗಿ ಹೇಳಲು ಬಾಯಿ ತೆಗೆದಿದ್ದೆ, ಮೇಡಂ ನನ್ನ ಮೊಣಕೈ ಹಿಡಿದರು.

"ನೀವು ಯಾಕೆ ಹೇಳಲಿಲ್ಲ?" ಎಂದು ಕೇಳಿದೆ. ನನಗೆ ನಿಜವಾಗಿ ಸಿಟ್ಟು ಬಂದಿತ್ತು.

"ಹೇಳಿದ್ರೆ ವಾದ ಆಗ್ತಿತ್ತು. ವಾದದಲ್ಲಿ ನಾನು ಗೆಲ್ತಿದ್ದೆ. ಸೋತ ಅಣ್ಣಯ್ಯನ ತೋಟದಲ್ಲಿ ನಾನು ಹೇಗೆ ಓಡಾಡ್ಲಿ?" ಕೋಲನ್ನು ಕಾರಿನಿಂದ ಹೊರಗೆ ಊರುತ್ತ ಹೇಳಿದರು: "ಇವತ್ತು ಬಂದಿದ್ದು ಅವನು. ನಾನಿನ್ನೂ ಬಂದಿಲ್ಲ."

ಆ ರಾತ್ರಿ ಮನೆಯಲ್ಲಿ ವೋಲ್ಟೇಜು ಸಾಲದೆ ಚಾರ್ಜರ್ ಮುನಿಸಿಕೊಂಡಿತು. ಪಂಪ್‌ಹೌಸಿನ ಲೈನಿಂದ ಎಳೆದುಕೊಡಲೇ, ಅದಕ್ಕೆ ಹೆಸರಿಗಷ್ಟೇ ಬಿಲ್ಲು ಎಂದು ಅಣ್ಣಯ್ಯ ಕೇಳಿದರು. ಅದು ತೋಟಕ್ಕೆ ನೀರು ಹೊಡೆಯಲು ಸರ್ಕಾರ ಕೊಟ್ಟ ಕರೆಂಟು ಎಂದು ಮೇಡಂ ತಲೆಯಾಡಿಸಿದರು. ಬೆಳಗಿನ ಜಾವ ವೋಲ್ಟೇಜು ಏರಿದ ಮೇಲೆ ಮನೆಯ ಪ್ಲಗ್ಗಿನಿಂದಲೇ ತುಂಬಿಸಿಕೊಂಡು, ಅಣ್ಣಯ್ಯ ಏಳುವ ಮುಂಚೆ ಹೊರಟೆವು. ಪಟ್ಟಿಯ ಮಾತನ್ನು ಇಬ್ಬರೂ ಎತ್ತಲಿಲ್ಲ. ದಾರಿಯಲ್ಲಿ ನಾನು, ವಾಪಸು ಬರುವ ಕರೆಂಟು ಎಷ್ಟು ಮಹಾ, ಹತ್ತಲು ಖರ್ಚಾದದ್ದರಲ್ಲಿ ಚೂರು ಎಂದು ವಾದಿಸಿದೆ. ಒಪ್ಪಿದರು. ಆ ಚೂರು ಕೊನೆಯ ಏರಿಗೆ ಸಾಕು ಎಂದರು.

ಜನವರಿಯಲ್ಲಿ ಒಂದು ಶನಿವಾರ ಮತ್ತೆ ಹೊರಡುತ್ತೇನೆ ಎಂದರು. ನಾನು ಚೀಲ ಹಿಡಿದು ಬಂದರೆ ಕಾರಿಗೆ ಹತ್ತಲು ಬಿಡಲಿಲ್ಲ.

"ನೀನು ಬಸ್ಸಲ್ಲಿ ಹೋಗು ಮಾರಾಯ್ತಿ. ನಿನ್ನ ಭಾರ ಒಂದು ಏರಿಗೆ ಸಮ."

ಹಾಗಾಗಿ ನಾನು ಮೊದಲೇ ಜಾವಳಿ ತಲುಪಿ ಅಣ್ಣಯ್ಯನ ಜೊತೆ ಕಣದಲ್ಲಿ ಕಾದೆ. ಕಣದ ತುಂಬ ಕಾಫಿ ಒಣಗುತ್ತಿತ್ತು. ಅವರು ಜೀಪನ್ನು ರಸ್ತೆಯ ಕಡೆ ಮುಖ ಮಾಡಿ ನಿಲ್ಲಿಸಿದ್ದರು. ಹಿಂದೆ ಹಗ್ಗ ಸುತ್ತಿ ಇಟ್ಟಿದ್ದು ಕಾಣುತ್ತಿತ್ತು. ನ್ಯೂಟ್ರಲ್ ವಿಷಯವನ್ನು ಅವರಿಗೆ ಹೇಳಿಯೇ ಬಿಡಬೇಕು ಎಂದು ಬಸ್ಸಿನಲ್ಲಿ ಮಾತುಗಳನ್ನು ಜೋಡಿಸಿಕೊಂಡು ಬಂದಿದ್ದೆ. ಅವರು ಮಾತಿಗೆ ಅವಕಾಶ ಕೊಡಲಿಲ್ಲ. ರಸ್ತೆಯಲ್ಲಿ ಯಾವ ಎಂಜಿನ್ ಸದ್ದಾದರೂ ಕಿವಿ ನಿಮಿರಿಸುತ್ತಿದ್ದರು. ಅದು ಬಸ್ಸು. ಇದು ಪಕ್ಕದ ಎಸ್ಟೇಟಿನ ಲಾರಿ. ಇದು ತೋಟದ ಲೆಕ್ಕ ಬರೆಯುವ ರೈಟರ ಬೈಕು. ಸದ್ದಿನಲ್ಲೇ ಎಲ್ಲ ಗಾಡಿಗಳನ್ನೂ ಗುರುತಿಸಬಲ್ಲವರು. ತಂಗಿಯ ಕಾರಿನ ಸದ್ದು ಮಾತ್ರ ಬರಲೇ ಇಲ್ಲ.

"ಸ್ಕೂಲಿಗೆ ನಾನೇ ಹೊತ್ಕೊಂಡು ಹೋಗ್ತಿದ್ದೆ ಇವಳನ್ನ" ಎಂದರು ಇದ್ದಕ್ಕಿದ್ದಂತೆ. "ಹಳ್ಳ ದಾಟೋವಾಗ ಕುತ್ತಿಗೆ ಬಿಗಿಯಾಗಿ ಹಿಡ್ಕೊಳ್ಳೋಳು. ಉಸಿರು ಕಟ್ಟೋ ಹಾಗೆ. ಈಗ ಯಾಕೆ ನಾನು ಬೇಡ ಅಂತಾಳೆ, ಅದನ್ನ ಹೇಳು ನೀನು. ಮಾತು ಕಲ್ತವಳಲ್ವಾ."

ಜೋಡಿಸಿಕೊಂಡು ಬಂದ ಮಾತುಗಳನ್ನು ಬಿಟ್ಟು, ಕಣದ ಅಂಚಿಗೆ ಉರುಳಿದ್ದ ಕಾಫಿಯನ್ನು ಕೈಯಿಂದ ಒಳಗೆ ತಳ್ಳತೊಡಗಿದೆ.

ಊಟದ ಹೊತ್ತು ಮೀರಿತು. ಅಣ್ಣಯ್ಯ ಎದ್ದರು. ಇನ್ನು ಕಾಯುವುದಿಲ್ಲ, ಎಲ್ಲಿ ನಿಂತಿದ್ದಾಳೋ ಏನೋ, ಮೂಡಿಗೆರೆ ಕಡೆ ಹೋಗಿ ನೋಡುತ್ತೇನೆ ಎಂದು ಜೀಪು ಹತ್ತಿದರು. ಅಷ್ಟರಲ್ಲಿ ತೋಟದ ಕಡೆಯಿಂದ ಕೊಯ್ಲಿನ ಹೆಂಗಸೊಬ್ಬಳು ಖಾಲಿ ಚೊಂಬು ಹಿಡಿದುಕೊಂಡು ಮೇಲೆ ಬಂದಳು.

"ಅಯ್ಯಾ, ಅಮ್ಮಾವ್ರು ಕುಡಿಯೋಕೆ ನೀರು ತರೋಕೆ ಹೇಳಿದ್ರು."

"ಯಾವ ಅಮ್ಮಾವ್ರು?"

"ನಮ್ಮ ಅಮ್ಮಾವ್ರೇ. ಆಗ್ಲಿಂದ ಕೆಳಗೆ ನಿಂತ್ಕಂಡು 'ಹಸಿರು ಮುಟ್ಬೇಡಿ' ಅಂತ ಪ್ರಾಣ ತೆಗೀತಿದಾರೆ."

ನಾವಿಬ್ಬರೂ ಇಳಿದು ಹೋದೆವು. ಹಳ್ಳದ ಪಕ್ಕದ ಕೆಳಗಿನ ಗೇಟಿನ ಒಳಗೆ, ಹಲಸಿನ ಮರದಡಿ ಆ ಪುಟ್ಟ ಕಾರು ನಿಂತಿತ್ತು. ಯಾರ ಕಿವಿಗೂ ಬೀಳದೆ ಬಂದುಬಿಟ್ಟಿತ್ತು. ಮೇಡಂ ಸಿಲ್ವರ್ ಓಕ್ ಒಂದಕ್ಕೆ ಬೆನ್ನು ಕೊಟ್ಟು, ಕೋಲನ್ನು ಗಿಡಕ್ಕೆ ಒರಗಿಸಿ, ಅಂಗೈಯಲ್ಲಿ ಹಣ್ಣು ಹರಡಿಕೊಂಡು ನಿಂತಿದ್ದರು. ಸೀರೆಯ ಅಂಚಿಗೂ ಬೂಟಿನ ಪಟ್ಟಿಗೂ ಕೆಸರು. ಆ ತೋಟದ ಪಟ್ಟಿ ತಮ್ಮದಾಗಿ ಅಷ್ಟು ವರ್ಷವಾದರೂ ಅದರ ಒಳಗೆ ಅಷ್ಟು ದೂರ ಅವರು ನಡೆದು ಬಂದದ್ದು ಅದೇ ಮೊದಲಂತೆ. ಆಮೇಲೆ ಅಣ್ಣಯ್ಯನೇ ಹೇಳಿದರು.

"ಹಾರ್ನ್ ಆದ್ರೂ ಹೊಡೀಬಾರ್ದಾ?" ಎಂದರು ಅಣ್ಣಯ್ಯ.

"ಹಾರ್ನಿಗೂ ಕರೆಂಟು ಬೇಕಲ್ಲ ಅಣ್ಣಯ್ಯ."

ಅವರು ತಂಗಿಯ ಅಂಗೈಯಿಂದ ಒಂದು ಹಣ್ಣು ತೆಗೆದುಕೊಂಡು ಹಿಸುಕಿ ನೋಡಿದರು. ಚೆನ್ನಾಗಿ ಮಾಗಿದೆ ಎಂದರು. ಕೊಯ್ಲಿನ ಮೇಸ್ತ್ರಿಯನ್ನು ಕೂಗಿ ಕರೆದು, ಇನ್ನು ಈ ಪಟ್ಟಿಯಲ್ಲಿ ಅಮ್ಮಾವ್ರು ಹೇಳಿದ ಹಾಗೆ ಎಂದರು.

ಮಾರನೆಯ ದಿನ ಮಧ್ಯಾಹ್ನ ಚಾರ್ಜು ತುಂಬಿಸಿಕೊಂಡು ಹೊರಟರು. ನಾನು ಬಸ್ಸಿಗೆ ಕಾಯುತ್ತ ರಸ್ತೆಬದಿಯಲ್ಲಿದ್ದೆ. ಅಣ್ಣಯ್ಯ ಗೇಟಿನ ಹತ್ತಿರ ಕಾರಿನ ಕಿಟಕಿಗೆ ಬಗ್ಗಿದರು.

"ಮತ್ತೆ ಯಾವಾಗ ಬರ್ತೀಯ?"

ಮೇಡಂ ಸ್ಟೀರಿಂಗ್ ಮೇಲೆ ಕೈಯಿಟ್ಟುಕೊಂಡು, ಆ ಪ್ರಶ್ನೆಗೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಯೋಚಿಸಿದರು. ಆಮೇಲೆ ನಗುತ್ತ ಹೇಳಿದರು:

"ಗೊತ್ತಿಲ್ಲ ಅಣ್ಣಯ್ಯ. ಬರ್ಬೇಕು ಅನ್ಸಿದಾಗ ಬರ್ತೀನಿ."

ಅಣ್ಣಯ್ಯ ಗೇಟನ್ನು ಪೂರ್ತಿ ತೆಗೆದು ಪಕ್ಕಕ್ಕೆ ಸರಿದು ನಿಂತರು.